ಹೊಸ್ತಿಲು ದಾಟಿಸಿದ ಕೈಗಳು

ಮೈಲಾಪೂರಿನ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಕಪಾಲೀಶ್ವರನ ಗೋಪುರದಿಂದ ತೊಡಗಿ, ವಕೀಲರ ಬಂಗಲೆಗಳನ್ನೂ ಸಂಗೀತ ಸಭೆಗಳನ್ನೂ ಬಳಸಿಕೊಂಡು, ಉಡುಪಿ ಹೋಟೆಲಿನ ಕಾಫಿಯಲ್ಲಿ ಮುಗಿಸುತ್ತಾರೆ. ಕನ್ನಡಿಗರಾದ ನಾವೂ ಇಲ್ಲಿ ನಮ್ಮ ಗುರುತುಗಳನ್ನು ಅರಸುವಾಗ ಹೋಟೆಲು, ಮಠ, ಸಂಘ ಎಂಬ ಮೂರು ಮಾತುಗಳಾಚೆಗೆ ಹೋಗುವುದು ಕಡಿಮೆ. ಇಲ್ಲಿ ನಾವು ಹೇಳಬಯಸುವುದು ಬೇರೊಂದು ಚರಿತ್ರೆ: ಕೂರಲಾರದ ಮಕ್ಕಳನ್ನು ಕೂರಿಸಲು, ನಡೆಯಲಾರದ ಮಕ್ಕಳನ್ನು ನಿಲ್ಲಿಸಲು ಈ ಊರಿನಲ್ಲಿಯೂ ಇದರ ಆಸುಪಾಸಿನಲ್ಲಿಯೂ ನಡೆದ ದೀರ್ಘ ದುಡಿಮೆಯದು. ಅದರೊಳಗೆ ಕನ್ನಡದ ಮನೆಯೊಂದರ ಮಗುವಿನ 15 ವರ್ಷಗಳು ಸೇರಿಕೊಂಡಿವೆ.

ಫಿಸಿಯೋಥೆರಪಿ ಎಂಬ ಹೆಸರು ಬರುವುದಕ್ಕೆ ಬಹಳ ಮೊದಲೇ ಮಗುವಿನ ಮೈಗೆ ಕೈಯಿಕ್ಕಿ ದುಡಿಯುವ ಕಲೆ ನಮ್ಮ ಮನೆಗಳಲ್ಲಿತ್ತು. ಬಾಣಂತನಕ್ಕೆ ಬಂದ ಹಿರಿಯಾಕೆ ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ನೀವಿ, ಬಲಗೈಯನ್ನು ಎಡಗಾಲಿಗೂ ಎಡಗೈಯನ್ನು ಬಲಗಾಲಿಗೂ ತಾಗಿಸಿ, ಬಿಸಿನೀರು ಎರೆಯುತ್ತಿದ್ದಳು. ಮಗುವಿನ ಬೆಳವಣಿಗೆಯನ್ನು ಅಳೆಯುವ ಮಾತುಗಳೂ ಆಕೆಯ ಬಳಿ ಇದ್ದವು. ಕತ್ತು ನಿಂತಿತೇ, ಮಗುಚಿಕೊಂಡಿತೇ, ಅಂಬೆಗಾಲಿಟ್ಟಿತೇ, ಹೊಸ್ತಿಲು ದಾಟಿತೇ, ತಪ್ಪುಹೆಜ್ಜೆ ಇಟ್ಟಿತೇ? ಹೊಸ್ತಿಲು ದಾಟಿದ ದಿನ ಸಿಹಿ ಹಂಚುವ ರೂಢಿ ಅನೇಕ ಮನೆಗಳಲ್ಲಿ ಇಂದಿಗೂ ಇದೆ. ಇಂದಿನ ಚಿಕಿತ್ಸಕರು ತಿಂಗಳುಗಳ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳುವ ಪಟ್ಟಿಗೂ ಈ ಮಾತುಗಳಿಗೂ ಹೆಚ್ಚಿನ ಅಂತರವಿಲ್ಲ. ಅಂತರವಿರುವುದು ಮುಂದಿನ ಹೆಜ್ಜೆಯಲ್ಲಿ. ಮಗು ಹೊಸ್ತಿಲು ದಾಟದಿದ್ದರೆ ಏನು ಮಾಡಬೇಕೆಂಬುದಕ್ಕೆ ಮನೆಯ ವಿದ್ಯೆಯಲ್ಲಿ ಎಣ್ಣೆ, ಹರಕೆ ಮತ್ತು ಕಾಯುವಿಕೆಗಳನ್ನು ಬಿಟ್ಟರೆ ಉತ್ತರವಿರಲಿಲ್ಲ. "ಅವರಪ್ಪನೂ ತಡವಾಗಿಯೇ ನಡೆದದ್ದು" ಎಂಬ ಸಮಾಧಾನದ ಮಾತಿನಲ್ಲಿ ಎಷ್ಟೋ ಮಕ್ಕಳ ಬೆಲೆಬಾಳುವ ಕಾಲ ಕಳೆದುಹೋಗಿದೆ.

ಉತ್ತರವನ್ನು ಹುಡುಕಲೇಬೇಕಾದ ಒತ್ತಡವನ್ನು ತಂದದ್ದು ಪೋಲಿಯೋ. ಈ ರೋಗದ ವೈರಾಣು ಬೆನ್ನುಹುರಿಯಲ್ಲಿ ಚಲನೆಯನ್ನು ಆಳುವ ನರಕೋಶಗಳನ್ನು ಕೊಲ್ಲುತ್ತದೆ. ಸ್ಪರ್ಶಜ್ಞಾನ ಉಳಿಯುತ್ತದೆ, ನೋವು ತಿಳಿಯುತ್ತದೆ, ಆದರೆ ಕಾಲು ಎತ್ತಿದರೆ ಏಳುವುದಿಲ್ಲ. ಸತ್ತ ನರಕೋಶವನ್ನು ಯಾವ ತೈಲವೂ ಯಾವ ಯಂತ್ರವೂ ಮರಳಿ ತರಲಾರದು. ಚಿಕಿತ್ಸೆಯ ಕೆಲಸ ಉಳಿದ ನರಗಳನ್ನೂ ಉಳಿದ ಸ್ನಾಯುಗಳನ್ನೂ ದುಡಿಸಿಕೊಳ್ಳುವುದು ಮತ್ತು ಬಲಹೀನ ಸ್ನಾಯುವಿನ ಎದುರಿಗಿರುವ ಬಲವಾದ ಸ್ನಾಯು ಕೀಲನ್ನು ತನ್ನ ಕಡೆಗೆ ಎಳೆದು ಸೊಟ್ಟಗಾಗಿಸದಂತೆ ತಡೆಯುವುದು. ಇದಕ್ಕೆ ದಿನವೂ ಕೀಲುಗಳನ್ನು ಮಣಿಸಿ ನೀಡಬೇಕು, ಸರಿಯಾದ ಭಂಗಿಯಲ್ಲಿ ಮಲಗಿಸಬೇಕು. ಒಂದು ವಾರ ಬಿಟ್ಟರೂ ಗಳಿಸಿದ್ದು ಜಾರತೊಡಗುತ್ತದೆ.

ಮಕ್ಕಳ ಫಿಸಿಯೋಥೆರಪಿ ಎಂಬ ಶಾಸ್ತ್ರವೇ ಬಹುಮಟ್ಟಿಗೆ ಪೋಲಿಯೋ ವಾರ್ಡುಗಳಲ್ಲಿ ಹುಟ್ಟಿತೆಂದರೆ ತಪ್ಪಾಗದು. ಸ್ನಾಯುವಿನ ಬಲವನ್ನು ಅಂಕೆಗಳಲ್ಲಿ ಗುರುತಿಸುವ ಪದ್ಧತಿ ಇಂದು ಪ್ರಪಂಚದ ಎಲ್ಲ ಚಿಕಿತ್ಸಾಲಯಗಳಲ್ಲಿಯೂ ಬಳಕೆಯಲ್ಲಿದೆ. ಅದರ ಮೂಲ 1910ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯ ರಾಬರ್ಟ್ ಲೋವೆಟ್ ಮತ್ತು ಅವರ ಸಹಾಯಕಿ ವಿಲ್ಹೆಲ್ಮಿನ್ ರೈಟ್ ಪೋಲಿಯೋ ಮಕ್ಕಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿದೆ. ಆ ಕಾಲದ ವೈದ್ಯರು ರೋಗಿಯ ಕೈಕಾಲುಗಳನ್ನು ತಿಂಗಳುಗಟ್ಟಲೆ ಪಟ್ಟಿಕಟ್ಟಿ ಅಲುಗದಂತೆ ಇಡುತ್ತಿದ್ದರು. ಆಸ್ಟ್ರೇಲಿಯದ ದಾದಿ ಎಲಿಜಬೆತ್ ಕೆನ್ನಿ ಈ ಪದ್ಧತಿಯನ್ನು ಧಿಕ್ಕರಿಸಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಉಣ್ಣೆಬಟ್ಟೆಯಿಂದ ಶಾಖ ಕೊಟ್ಟು, ಸ್ನಾಯುಗಳಿಗೆ ಚಲನೆಯನ್ನು ಮತ್ತೆ ಕಲಿಸಿದಳು. ವೈದ್ಯವೃಂದ ಆಕೆಯನ್ನು ಬಹುಕಾಲ ಒಪ್ಪಲಿಲ್ಲ. 1940ರಲ್ಲಿ ಆಕೆ ಅಮೆರಿಕಕ್ಕೆ ಹೋದ ಮೇಲೆ ಈ ವಿಧಾನ ಲೋಕವ್ಯಾಪಿಯಾಯಿತು.

ನಮ್ಮ ದೇಶದಲ್ಲಿಯೂ ಈ ವಿದ್ಯೆಗೆ ದಾರಿ ತೆರೆದದ್ದು ಅದೇ ರೋಗ. 1950ರ ದಶಕದ ಆರಂಭದಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಭಾರತದ ಮೊದಲ ಫಿಸಿಯೋಥೆರಪಿ ಶಾಲೆ ನೆಲೆಗೊಂಡಿತು. ತಮಿಳುನಾಡಿನ ವೆಲ್ಲೂರಿನಲ್ಲಿ ಡಾ. ಮೇರಿ ವರ್ಗೀಸ್ ಅಪಘಾತವೊಂದರಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡ ಬಳಿಕವೂ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದರು. 1966ರಲ್ಲಿ ಅವರ ನೇತೃತ್ವದಲ್ಲಿ ಅಲ್ಲಿ ಪುನಶ್ಚೇತನ ಕೇಂದ್ರ ಆರಂಭವಾಯಿತು. ಅದಕ್ಕೂ ಮೊದಲು, 1959ರಲ್ಲಿ, ಸ್ವತಃ ಪೋಲಿಯೋಗೆ ತುತ್ತಾಗಿದ್ದ ಎನ್. ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯನ್ನು ಸ್ಥಾಪಿಸಿದ್ದರು. ಈ ಕ್ಷೇತ್ರವನ್ನು ಕಟ್ಟಿದವರಲ್ಲಿ ದೇಹದ ಕಷ್ಟವನ್ನು ಸ್ವತಃ ಬಲ್ಲವರು ಬಹಳ ಮಂದಿ ಇದ್ದರೆಂಬುದು ಗಮನಾರ್ಹ.

ಇನ್ನು ಮೈಲಾಪೂರಿಗೆ ಬರೋಣ. ರಾಜಮಹೇಂದ್ರಿಯಲ್ಲಿ 1909ರಲ್ಲಿ ಹುಟ್ಟಿ, ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆವಾಸ ಅನುಭವಿಸಿ, ಅನಂತರ ಓದು ಮುಂದುವರಿಸಿದ ದುರ್ಗಾಬಾಯಿ ಎಂಬ ತರುಣಿ 1930ರ ದಶಕದ ಉತ್ತರಾರ್ಧದಲ್ಲಿ ಇಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಪಾಠ ಹೇಳತೊಡಗಿದರು. ಆ ಪುಟ್ಟ ಕೂಟದಿಂದ ಬೆಳೆದದ್ದು ಆಂಧ್ರ ಮಹಿಳಾ ಸಭಾ. ದುರ್ಗಾಬಾಯಿ ವಕೀಲೆಯಾದರು, ಸಂವಿಧಾನ ರಚನಾ ಸಭೆಯ ಸದಸ್ಯೆಯಾದರು, 1953ರಲ್ಲಿ ಸಿ. ಡಿ. ದೇಶಮುಖ್ ಅವರನ್ನು ವರಿಸಿದರು, ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯಾದರು. ಪಾಠಶಾಲೆಯಾಗಿ ಹುಟ್ಟಿದ ಸಭೆ ಆಸ್ಪತ್ರೆಯಾಗಿ, ದಾದಿಯರ ತರಬೇತಿಯ ತಾಣವಾಗಿ ಬೆಳೆಯಿತು. ಮೈಲಾಪೂರಿನಿಂದ ದಕ್ಷಿಣಕ್ಕೆ, ಅಡ್ಯಾರ್ ಕಡೆಗೆ ಸಾಗುವ ದಾರಿಗೆ ಇಂದು ಅವರದೇ ಹೆಸರಿದೆ. ಆ ದಾರಿಯಲ್ಲಿರುವ ಸಭೆಯ ಆವರಣದಲ್ಲಿ, ಪೋಲಿಯೋದಿಂದ ನಡೆಯಲಾರದಾದ ಮಕ್ಕಳಿಗಾಗಿ ಈಶ್ವರಿ ಪ್ರಸಾದ್ ದತ್ತಾತ್ರೇಯ ಮೂಳೆಚಿಕಿತ್ಸಾ ಕೇಂದ್ರ ನೆಲೆಗೊಂಡಿತು. ಮಕ್ಕಳು ಅಲ್ಲಿಯೇ ಇದ್ದು ಚಿಕಿತ್ಸೆ ಪಡೆಯುವ ವ್ಯವಸ್ಥೆ ಅದು.

ಆ ಕೇಂದ್ರದಲ್ಲಿ ಬೆಳೆದ ಮಕ್ಕಳಲ್ಲಿ ಒಬ್ಬರು ಮಾಲತಿ ಹೊಳ್ಳ. ಕೋಟ ಮೂಲದ ಕುಟುಂಬ. ತಂದೆ ಕೃಷ್ಣಮೂರ್ತಿ ಹೊಳ್ಳರದು ಸಣ್ಣ ಹೋಟೆಲು, ತಾಯಿ ಪದ್ಮಾವತಿ. 1958ರ ಜುಲೈ 6ರಂದು ಹುಟ್ಟಿದ ಮಗುವಿಗೆ ವರುಷ ತುಂಬಿದ ಸುಮಾರಿಗೆ ಜ್ವರ ಬಂದು ಇಡೀ ದೇಹ ಸ್ತಬ್ಧವಾಯಿತು. ಎರಡು ವರ್ಷಗಳ ಕಾಲ ನಡೆದ ವಿದ್ಯುತ್ ಚಿಕಿತ್ಸೆಯ ಅವಧಿಯಲ್ಲಿ ಸೊಂಟದ ಮೇಲ್ಭಾಗಕ್ಕೆ ಬಲ ಮರಳಿತು, ಕೆಳಭಾಗಕ್ಕೆ ಮರಳಲಿಲ್ಲ. ಮುಂದಿನ ಸುಮಾರು 15 ವರ್ಷಗಳನ್ನು ಆಕೆ ಕಳೆದದ್ದು ಈ ಊರಿನ ಆ ಕೇಂದ್ರದಲ್ಲಿ.

ಚಿಕಿತ್ಸೆಗಾಗಿ ಮದರಾಸಿಗೆ ಬರುವುದು ಕನ್ನಡ ಕರಾವಳಿಯವರಿಗೆ ಅಪರಿಚಿತವಾದ ದಾರಿಯಲ್ಲ. ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯಕ್ಕೆ ಸೇರಿತ್ತು. ಹೈಕೋರ್ಟು, ವಿಶ್ವವಿದ್ಯಾನಿಲಯ, ದೊಡ್ಡಾಸ್ಪತ್ರೆ ಎಲ್ಲಕ್ಕೂ ಇದೇ ರಾಜಧಾನಿ. ಇಲ್ಲಿನ ಉಡುಪಿ ಹೋಟೆಲುಗಳಿಗೆ ಹುಡುಗರು ದುಡಿಮೆಗೆಂದು ಬಂದಿಳಿದದ್ದೂ ಆ ಹಳೆಯ ನಂಟಿನಿಂದಲೇ. ಆ ಹುಡುಗರ ಕಥೆಯನ್ನು ನಾವು ಹಲವು ಬಾರಿ ಬರೆದಿದ್ದೇವೆ. ಚಿಕಿತ್ಸೆಗೆಂದು ಬಂದು ಇಲ್ಲಿಯೇ ಬೆಳೆದ ಮಕ್ಕಳ ಕಥೆಯನ್ನು ಬರೆದಿಲ್ಲ.

ಹದಿನೈದು ವರ್ಷಗಳೆಂದರೆ ಒಂದು ಇಡೀ ಬಾಲ್ಯ. ಅಂದಿನ ಪೋಲಿಯೋ ಚಿಕಿತ್ಸೆಯ ಕ್ರಮವೇ ಅಷ್ಟು ಕಾಲವನ್ನು ಬೇಡುತ್ತಿತ್ತು. ಸ್ನಾಯುರಜ್ಜುವನ್ನು ಒಂದೆಡೆಯಿಂದ ತೆಗೆದು ಮತ್ತೊಂದೆಡೆಗೆ ಜೋಡಿಸುವ ಶಸ್ತ್ರಚಿಕಿತ್ಸೆ, ಅದಾದ ಮೇಲೆ ವಾರಗಟ್ಟಲೆ ಪ್ಲಾಸ್ಟರು, ಪ್ಲಾಸ್ಟರು ಬಿಚ್ಚಿದ ಮೇಲೆ ತಿಂಗಳುಗಟ್ಟಲೆ ವ್ಯಾಯಾಮ, ಬಳಿಕ ಕ್ಯಾಲಿಪರು ಮತ್ತು ಊರುಗೋಲು. ಮಗು ಬೆಳೆದಂತೆ ಕ್ಯಾಲಿಪರು ಗಿಡ್ಡವಾಗುತ್ತದೆ, ಮೂಳೆ ಉದ್ದವಾಗುತ್ತದೆ, ಬಿಗಿದ ಸ್ನಾಯು ಅದರೊಡನೆ ಬೆಳೆಯುವುದಿಲ್ಲ. ಆಗ ಮತ್ತೆ ಶಸ್ತ್ರಚಿಕಿತ್ಸೆ, ಮತ್ತೆ ಮೊದಲಿನಿಂದ. ಮಾಲತಿಯವರ ದೇಹ ಕಂಡ ಶಸ್ತ್ರಚಿಕಿತ್ಸೆಗಳು 30ಕ್ಕೂ ಹೆಚ್ಚು. ಶಸ್ತ್ರವೈದ್ಯನ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ, ಫಿಸಿಯೋಥೆರಪಿಯ ಕೆಲಸ ವರ್ಷಗಳಲ್ಲಿಯೂ ಮುಗಿಯುವುದಿಲ್ಲ. ಆದರೆ ಕಲ್ಲಿನ ಮೇಲೆ ಹೆಸರು ಉಳಿಯುವುದು ದಾನಿಗಳದು ಮತ್ತು ವೈದ್ಯರದು. ಪ್ರತಿದಿನ ಬೆಳಿಗ್ಗೆ ಆ ಕಾಲುಗಳನ್ನು ಹಿಡಿದು ಮಣಿಸಿದ ಆಯಾ, ದಾದಿ, ಚಿಕಿತ್ಸಕಿಯರ ಹೆಸರುಗಳನ್ನು ಯಾವ ಫಲಕವೂ ಹೇಳುವುದಿಲ್ಲ.

ಈ ವ್ಯವಸ್ಥೆಗೆ ತೆತ್ತ ಬೆಲೆಯೂ ಸಣ್ಣದಲ್ಲ. ಮಗುವಿಗೆ ಕಾಲು ಬೇಕಾದರೆ ಮನೆಯನ್ನು ಬಿಡಬೇಕಿತ್ತು. ತಾಯಿಯ ಮಡಿಲು, ಒಡಹುಟ್ಟಿದವರ ಜಗಳ, ಹಬ್ಬದ ಅಡುಗೆ, ಮನೆಯ ಮಾತು ಎಲ್ಲವೂ ರಜೆಯ ದಿನಗಳ ಪಾಲಾಗುತ್ತಿದ್ದವು. ಹಾಗೆಂದು ಅದನ್ನು ಬರಿಯ ನಷ್ಟವೆನ್ನಲಾಗದು. ತನ್ನಂತೆಯೇ ತೆವಳುವ, ಬೀಳುವ, ಏಳುವ ಹತ್ತಾರು ಮಕ್ಕಳ ನಡುವೆ ಬೆಳೆದ ಮಗುವಿಗೆ ತಾನೊಬ್ಬಳೇ ಬೇರೆ ಎಂಬ ಭಾವನೆ ಬೇರೂರುವುದು ಕಷ್ಟ. ಮಾಲತಿ ಹೊಳ್ಳ ಮುಂದೆ ಬೆಂಗಳೂರಿಗೆ ಮರಳಿ, ಬ್ಯಾಂಕಿನ ಉದ್ಯೋಗ ಹಿಡಿದು, ಗಾಲಿಕುರ್ಚಿಯ ಓಟ ಮತ್ತು ಎಸೆತದ ಸ್ಪರ್ಧೆಗಳಲ್ಲಿ ದೇಶವನ್ನು ಪ್ರತಿನಿಧಿಸಿದರು. 1988ರ ಸೋಲ್ ಪ್ಯಾರಾಲಿಂಪಿಕ್ಸಿನಲ್ಲಿ ಭಾಗವಹಿಸಿದರು. ಅರ್ಜುನ ಪ್ರಶಸ್ತಿ ಬಂತು, 2001ರಲ್ಲಿ ಪದ್ಮಶ್ರೀ ಬಂತು. ನಮಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅವರು ಗೆಳೆಯರೊಡನೆ ಬೆಂಗಳೂರಿನಲ್ಲಿ ಕಟ್ಟಿದ ಮಾತೃ ಫೌಂಡೇಶನ್. ಅಂಗವೈಕಲ್ಯವುಳ್ಳ ಮಕ್ಕಳಿಗೆ ಅದು ಆಶ್ರಯ. ತಾವು ಬೆಳೆದಂಥ ಮನೆಯೊಂದನ್ನು ಅವರು ಕನ್ನಡ ನಾಡಿನಲ್ಲಿ ಮತ್ತೆ ಕಟ್ಟಿದರು.

ಈ ಕಥೆಯಲ್ಲಿ ನಮ್ಮನ್ನು ಕಾಡುವ ದಿನಾಂಕವೊಂದಿದೆ. ಜೋನಾಸ್ ಸಾಲ್ಕರ ಲಸಿಕೆ ಫಲಕಾರಿ ಎಂದು ಲೋಕಕ್ಕೆ ಸಾರಿದ್ದು 1955ರ ಏಪ್ರಿಲ್ 12ರಂದು. ಮಾಲತಿ ಹುಟ್ಟಿದ್ದು ಮೂರು ವರ್ಷಗಳ ಮೇಲೆ. ಲಸಿಕೆ ಲೋಕದಲ್ಲಿತ್ತು, ಅವರ ತೊಟ್ಟಿಲಿನ ಬಳಿಗೆ ಬಂದಿರಲಿಲ್ಲ. ಬಾಯಿಗೆ ಹಾಕುವ ಲಸಿಕೆಯ ಹನಿ ಭಾರತದ ರಾಷ್ಟ್ರೀಯ ಕಾರ್ಯಕ್ರಮವನ್ನು ಸೇರುವಷ್ಟರಲ್ಲಿ 1970ರ ದಶಕ ಮುಗಿಯುತ್ತಿತ್ತು. ಸೇರಿದ ಮೇಲೂ ಮೂರು ಸಲ ಹಾಕಿದರೆ ಸಾಲದೆಂದು ವೆಲ್ಲೂರಿನ ಡಾ. ಟಿ. ಜೇಕಬ್ ಜಾನ್ ಸಂಶೋಧನೆಯಿಂದ ತೋರಿಸಬೇಕಾಯಿತು. ಕೊನೆಗೆ 2011ರ ಜನವರಿಯಲ್ಲಿ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡ ಪ್ರಕರಣವೇ ದೇಶದ ಕಾಡು ಪೋಲಿಯೋದ ಕಡೆಯ ಪ್ರಕರಣವಾಯಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂದು ಪ್ರಮಾಣಿತವಾಯಿತು. ಆದರೆ ಆ ರೋಗದಿಂದ ಬದುಕುಳಿದವರು ಈಗಲೂ ನಮ್ಮ ನಡುವೆ ಇದ್ದಾರೆ. ದಶಕಗಳ ಕಾಲ ಹೆಚ್ಚಿನ ಹೊರೆ ಹೊತ್ತ ಅವರ ಸ್ನಾಯುಗಳು ಇಳಿವಯಸ್ಸಿನಲ್ಲಿ ಮತ್ತೆ ಸೋಲತೊಡಗುವುದುಂಟು.

ಪೋಲಿಯೋ ಹಿಂಜರಿದಂತೆ ಚಿಕಿತ್ಸಾಲಯದ ಬಾಗಿಲಿಗೆ ಬರುವ ಮಕ್ಕಳು ಬದಲಾದರು. ಈಗ ಮುಂದೆ ಕಾಣುವುದು ಸೆರೆಬ್ರಲ್ ಪಾಲ್ಸಿ. ಇಲ್ಲಿ ಪೆಟ್ಟು ಬಿದ್ದಿರುವುದು ಬೆನ್ನುಹುರಿಗಲ್ಲ, ಎಳೆಯ ಮಿದುಳಿಗೆ. ಸ್ನಾಯು ಸಡಿಲವಾಗುವ ಬದಲು ಹಲವು ಮಕ್ಕಳಲ್ಲಿ ಬಿಗಿಯುತ್ತದೆ. ಲಂಡನ್ನಿನಲ್ಲಿ ನೆಲೆಸಿದ ಬರ್ಟಾ ಮತ್ತು ಕಾರೆಲ್ ಬೋಬಾತ್ ದಂಪತಿ 1940ರ ದಶಕದಿಂದ ಇಂಥವರಿಗಾಗಿ ಹೊಸ ವಿಧಾನವನ್ನು ರೂಪಿಸಿದರು. ಈಚೆಗೆ ಆ ವಿಧಾನವೂ ಪರಿಶೀಲನೆಗೆ ಒಳಗಾಗಿದೆ. ಚಿಕಿತ್ಸಕರ ಕೈ ಮಗುವನ್ನು ಆಡಿಸುವುದಕ್ಕಿಂತ, ಮಗು ತನಗೆ ಬೇಕಾದ ಕೆಲಸವನ್ನು ತಾನೇ ಮಾಡಿ ಮಾಡಿ ಕಲಿಯುವುದು ಹೆಚ್ಚು ಫಲ ಕೊಡುತ್ತದೆ ಎಂಬ ಕಡೆಗೆ ಸಾಕ್ಷ್ಯ ವಾಲಿದೆ.

ಈ ಬದಲಾವಣೆಯ ಕುರುಹೂ ಮೈಲಾಪೂರಿಗೆ ದೂರವಿಲ್ಲ. ಇಲ್ಲಿಂದ ತುಸು ಪಶ್ಚಿಮಕ್ಕೆ, ಅಡ್ಯಾರ್ ನದಿಯಾಚೆಯ ಕೋಟೂರುಪುರದಲ್ಲಿ ವಿದ್ಯಾಸಾಗರ್ ಸಂಸ್ಥೆ ಇದೆ. 1985ರಲ್ಲಿ ಪೂನಂ ನಟರಾಜನ್ ಅದನ್ನು ಮೂವರು ಮಕ್ಕಳೊಂದಿಗೆ ಆರಂಭಿಸಿದರು. ಅವರ ಮಗನಿಗೂ ಸೆರೆಬ್ರಲ್ ಪಾಲ್ಸಿ ಇತ್ತು. ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಲ್ಲಿಯೇ ಹುಟ್ಟಿತ್ತು. ಈ ತಲೆಮಾರಿನ ಸಂಸ್ಥೆಗಳು ಹಳೆಯ ಕ್ರಮವನ್ನು ತಿರುಗಿಸಿ ಹಾಕಿದವು. ಮಗುವನ್ನು ಮನೆಯಿಂದ ಕೇಂದ್ರಕ್ಕೆ ಒಯ್ಯುವ ಬದಲು ಚಿಕಿತ್ಸೆಯನ್ನು ಕೇಂದ್ರದಿಂದ ಮನೆಗೆ ಒಯ್ಯಲು ನೋಡಿದವು. ಕೂಸನ್ನು ಎತ್ತಿಕೊಳ್ಳುವ ರೀತಿ, ಉಣಿಸುವಾಗ ಕೂರಿಸುವ ರೀತಿ, ಸ್ನಾನಕ್ಕೆ ಹಿಡಿಯುವ ರೀತಿ ಎಲ್ಲವೂ ಚಿಕಿತ್ಸೆಯೇ ಆಯಿತು, ತಾಯಿಯೇ ಚಿಕಿತ್ಸಕಿಯಾದಳು.

ಇದರಿಂದ ಮಗುವಿಗೆ ಮನೆ ಮರಳಿ ಸಿಕ್ಕಿತು, ನಿಜ. ಹಿಂದೆ ಹತ್ತು ಕೈಗಳು ಹಂಚಿಕೊಂಡಿದ್ದ ಹೊರೆ ಈಗ ಒಬ್ಬಳ ಮೇಲೆ ಬಿತ್ತೆಂಬುದೂ ನಿಜ. ಮಗು ಹದಿಹರೆಯಕ್ಕೆ ಬಂದಾಗ ಇದು ಇನ್ನಷ್ಟು ತೀವ್ರವಾಗುತ್ತದೆ. ಒಮ್ಮೆಲೇ ಉದ್ದವಾಗುವ ಮೂಳೆಗಳ ಹಿಂದೆ ಬಿಗಿದ ಸ್ನಾಯುಗಳು ಉಳಿದು, ಎಂಟರ ವಯಸ್ಸಿನಲ್ಲಿ ನಡೆಯುತ್ತಿದ್ದ ಹುಡುಗ ಹದಿನಾಲ್ಕರಲ್ಲಿ ಮಂಡಿ ಬಗ್ಗಿಸಿ ಕುಗ್ಗುತ್ತಾನೆ. ತಾಯಿಗೆ ಅವನನ್ನು ಎತ್ತಲಾಗುವುದಿಲ್ಲ, ಅವನಿಗೆ ತಾಯಿಯ ಕೈಯಲ್ಲಿ ವ್ಯಾಯಾಮ ಮಾಡಿಸಿಕೊಳ್ಳುವ ಮನಸ್ಸಿರುವುದಿಲ್ಲ. ಮಾಲತಿಯಂಥವರಿಗೆ ಆ ವಯಸ್ಸಿನಲ್ಲಿ ಸಿಕ್ಕಿದ್ದ ಓರಗೆಯವರ ಬಳಗ ಇಂದಿನ ಫ್ಲ್ಯಾಟಿನ ನಾಲ್ಕು ಗೋಡೆಗಳೊಳಗೆ ಸಿಗುವುದು ದುರ್ಲಭ.

ಹೊರನಾಡಿನಲ್ಲಿರುವ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆ ಮತ್ತಷ್ಟು ಹತ್ತಿರದ್ದು. ಊರಿನಲ್ಲಿರುವ ಅಜ್ಜಿ ಇಲ್ಲಿಲ್ಲ, ಸರದಿಯಲ್ಲಿ ಬಂದು ನಿಲ್ಲುವ ಅತ್ತೆ, ಚಿಕ್ಕಮ್ಮಂದಿರಿಲ್ಲ. ಚಿಕಿತ್ಸಕಿ ತಮಿಳಿನಲ್ಲಿ ಹೇಳಿಕೊಟ್ಟದ್ದನ್ನು ತಾಯಿ ಕನ್ನಡದಲ್ಲಿ ಮಗುವಿಗೆ ಹೇಳಬೇಕು, ಏಕೆಂದರೆ ಎಳೆಯ ಮಗು ಮೈಯನ್ನು ಅಲುಗಿಸುವುದು ಮನೆಯ ಮಾತಿಗೆ. ಸಂಘಗಳ ಮೂಲಕ ನಾವು ಹೊರನಾಡಿನಲ್ಲಿ ಭಾಷೆಯನ್ನು ಉಳಿಸಲು ರಾಜ್ಯೋತ್ಸವವನ್ನು ಆಚರಿಸುತ್ತೇವೆ, ನಾಟಕ ಆಡುತ್ತೇವೆ, ಅದೆಲ್ಲ ಬೇಕಾದದ್ದೇ. ಅದೇ ಸಂಘದ ಸಭಾಂಗಣಕ್ಕೆ ಗಾಲಿಕುರ್ಚಿ ಹತ್ತುವ ಇಳಿಜಾರು ಇದೆಯೇ, ವಾರಕ್ಕೆ ಎರಡು ಗಂಟೆ ಇನ್ನೊಬ್ಬರ ಮಗುವಿನ ಬಳಿ ಕುಳಿತು ಆ ತಾಯಿಗೆ ಬಿಡುವು ಕೊಡುವ ಕೈಗಳಿವೆಯೇ ಎಂದು ಕೇಳಿಕೊಳ್ಳುವುದೂ ನಮ್ಮ ಕೆಲಸವಾಗಬೇಕು. ಆರು ದಶಕಗಳ ಹಿಂದೆ, ತೆಲುಗು ಹೆಣ್ಣುಮಕ್ಕಳ ಓದಿಗಾಗಿ ಮೈಲಾಪೂರಿನಲ್ಲಿ ಹುಟ್ಟಿದ ಸಭೆಯೊಂದು ಕನ್ನಡದ ಮಗುವನ್ನು ಯಾವ ಮಾತಿನದೆಂದು ಕೇಳದೆ ಸಾಕಿತ್ತು. ಆ ಋಣ ನಮ್ಮ ಮೇಲಿದೆ.