ಬಿಸಿನೀರೂ ಮಿದುಳಿನ ಮಿಂಚೂ

ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲು ಗೆರೆಯಾಗಿ ಇಳಿಸಿದವರು ಜರ್ಮನಿಯ ಯೆನಾ ನಗರದ ಮನೋವೈದ್ಯ ಹಾನ್ಸ್ ಬೆರ್ಗರ್. 1875ರಲ್ಲಿಯೇ ಲಿವರ್‌ಪೂಲಿನ ರಿಚರ್ಡ್ ಕೇಟನ್ ಮೊಲ, ಮಂಗಗಳ ಮಿದುಳಿನಲ್ಲಿ ಅದನ್ನು ಕಂಡಿದ್ದರು. ಬೆರ್ಗರ್ 1924ರಲ್ಲಿ ಮಾನವನ ತಲೆಯಿಂದ ಗೆರೆ ಪಡೆದರೂ ಪ್ರಕಟಿಸಿದ್ದು 1929ರಲ್ಲಿ. ಆಗಲೂ ನಂಬಿದವರು ಕಡಿಮೆ. 1934ರಲ್ಲಿ ಕೇಂಬ್ರಿಜ್ಜಿನ ಏಡ್ರಿಯನ್, ಮ್ಯಾಥ್ಯೂಸ್ ಇಬ್ಬರೂ ತಾವೇ ಮಾಡಿ ನೋಡಿದ ಮೇಲೆ ಅನುಮಾನ ಕರಗಿತು.

ಒಂದೊಂದೇ ನರಕೋಶದ ಸದ್ದು ತಲೆಬುರುಡೆಯಾಚೆಗೆ ಕೇಳಿಸದು. ಲಕ್ಷಾಂತರ ಕೋಶಗಳು ಕೂಡಿ ಮಿಡಿದಾಗ, ಒಂದು ವೋಲ್ಟನ್ನು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲಿನಷ್ಟು ವಿದ್ಯುತ್ತು ನೆತ್ತಿಯ ಚರ್ಮಕ್ಕೆ ಬಂದೀತು. ಮೂರ್ಛೆರೋಗದಲ್ಲಿ ಈ ಕೋಶಗಳು ತಂತಮ್ಮ ಕೆಲಸ ಬಿಟ್ಟು, ಜಾತ್ರೆಯಲ್ಲಿ ತೇರು ಕದಲಿದಾಗ ಜನ ಕೂಗುವಂತೆ, ಒಮ್ಮೆಲೇ ಕೂಗುತ್ತವೆ. ಗೆರೆಯಲ್ಲಿ ಮುಳ್ಳಿನಂಥ ಮೊನೆಗಳು ಏಳುತ್ತವೆ.

ಈ ವಿದ್ಯೆ ನಮ್ಮ ನಾಡಿಗೆ ಬಂದಾಗ ಎದುರಾದ ರೋಗವೊಂದು ಪಾಶ್ಚಾತ್ಯ ಗ್ರಂಥಗಳಲ್ಲಿ ಬಲು ಅಪರೂಪದ್ದು. ತಲೆಗೆ ಬಿಸಿನೀರು ಸುರಿದುಕೊಂಡಾಗ ಮಾತ್ರ ಬರುವ ಮೂರ್ಛೆ ಅದು. 1945ರಲ್ಲಿ ನ್ಯೂಜಿಲೆಂಡಿನ ವೈದ್ಯ ಆ್ಯಲನ್ ಹತ್ತು ವರ್ಷದ ಹುಡುಗನೊಬ್ಬನ ವಿಷಯ ಬರೆದಿದ್ದರು. ಬೆಂಗಳೂರಿನಲ್ಲಿಯೋ, ಇಂಥವರು ಒಬ್ಬರ ಹಿಂದೊಬ್ಬರು ಬಂದರು. ಡಾ. ಕೆ. ಎಸ್. ಮಣಿ ಮತ್ತು ಅವರ ಜೊತೆಗಾರರು 1968ರಲ್ಲಿ ಮೊದಲ ವರದಿ ಕೊಟ್ಟರು. 1972ರಲ್ಲಿ ಅರುವತ್ತು ಮಂದಿಯ ಮಿದುಳಿನ ಗೆರೆಗಳ ಸಹಿತ ಇನ್ನೊಂದನ್ನು. 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು, ಅಲ್ಲಿನ ಡಾ. ಪಿ. ಸತೀಶ್‌ಚಂದ್ರ ಮುಂತಾದವರು 1988ರಲ್ಲಿ 279 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು.

ಆದರೆ ಯಂತ್ರಕ್ಕೆ ಇಲ್ಲಿ ಒಂದು ತೊಡಕಿತ್ತು. ಮೂರ್ಛೆ ಇಲ್ಲದ ವೇಳೆಯಲ್ಲಿ ಬಹುಪಾಲು ರೋಗಿಗಳ ಗೆರೆ ಸಹಜವಾಗಿಯೇ ಕಾಣುತ್ತಿತ್ತು. ಮೂರ್ಛೆಯ ವೇಳೆಯ ಗೆರೆ ಬೇಕೆಂದರೆ, ತಲೆಗೆ ತಂತಿ ಅಂಟಿಸಿ ಅದರ ಮೇಲೆಯೇ ನೀರು ಸುರಿಯಬೇಕು! ಹೀಗಾಗಿ ರೋಗದ ಗುರುತು ಸಿಕ್ಕಿದ್ದು ಹೆಚ್ಚಾಗಿ ಮನೆಯವರ ಬಾಯಿಂದ. ಯಾವಾಗ ಬಂತು, ನೀರು ಎಷ್ಟು ಬಿಸಿ, ಎಷ್ಟನೆಯ ತಂಬಿಗೆಗೆ ಕಣ್ಣು ತೇಲಿಸಿದ ಎಂದು ಕೇಳಿದ ವೈದ್ಯರಿಗೇ ಅದು ತಿಳಿಯಿತು. ಈ ಚರಿತ್ರೆಯಲ್ಲಿ ಯಂತ್ರಕ್ಕೆ ಸಲ್ಲುವ ಮಾನದಲ್ಲಿ ಅರ್ಧ ಈ ಪ್ರಶ್ನೆಗಳಿಗೆ ಸಲ್ಲಬೇಕೆಂದು ನನ್ನ ಮತ.

ನಮ್ಮೂರು ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿ, ಅಂಜನಾದ್ರಿಯ ಬುಡದಲ್ಲಿದೆ. ಇಂದ್ರನ ವಜ್ರಾಯುಧದ ಪೆಟ್ಟಿಗೆ ಮೂರ್ಛೆ ಹೋದ ಬಾಲ ಆಂಜನೇಯನ ಊರು ಇದೇ ಎಂದು ನಮ್ಮವರ ನಂಬಿಕೆ. ನನ್ನ ಬಾಲ್ಯದಲ್ಲಿ ಅಲ್ಲೊಬ್ಬ ಹುಡುಗನಿಗೆ ಹೀಗಾಗುತ್ತಿತ್ತು. ಗಾಳಿ ಸೋಕಿದೆ ಎಂದು ಕೈಗೆ ಕಬ್ಬಿಣದ ಬೀಗದಕೈ ಹಿಡಿಸುತ್ತಿದ್ದರು. ಪಟ್ಟಣದ ವೈದ್ಯರೊಬ್ಬರು ಗೆರೆ ತೆಗೆಸಿ, ಏನೂ ಇಲ್ಲವೆಂದು ಕಳಿಸಿದರು. ಅವನ ಅಜ್ಜಿ ಮಾತ್ರ, “ತಲಿಗೆ ಎರದಾಗಷ್ಟ ಬರತೈತ್ರಿ” ಎನ್ನುತ್ತಿದ್ದಳು, ಕೇಳುವವರಿರಲಿಲ್ಲ. ‘ಎರೆ’ ಎಂದರೆ ಸುರಿ. ಮೈಗೆ ನೀರು ಬಿದ್ದರೆ ಸಾಮಾನ್ಯವಾಗಿ ಏನೂ ಆಗದು, ನೆತ್ತಿಗೆ ಎರೆದರೆ ಬರುತ್ತದೆ ಎಂಬ ಭೇದ ಆ ಮುದುಕಿಯ ಒಂದು ಕ್ರಿಯಾಪದದಲ್ಲಿತ್ತು.

ಕೆಲವು ರೋಗಿಗಳಿಗೆ ಆ ಗಳಿಗೆಯಲ್ಲಿ ಏನೋ ಸುಖವೆನಿಸಿ, ಕೈ ತಡೆಯದೆ ಇನ್ನೂ ಇನ್ನೂ ಬಿಸಿನೀರು ಸುರಿದುಕೊಳ್ಳುತ್ತಾರೆ. ದೆವ್ವದ ಮಾತು ಹುಟ್ಟಲು ಇನ್ನೇನು ಬೇಕು? ಬಚ್ಚಲಲ್ಲಿ ಸುಟ್ಟುಕೊಳ್ಳುವ, ಬಿದ್ದು ಪೆಟ್ಟಾಗುವ ಭಯವಂತೂ ಇದ್ದೇ ಇದೆ.

1990ರ ದಶಕದಲ್ಲಿ ನಿಮ್ಹಾನ್ಸಿನ ಸಂಶೋಧಕರು ಇಲಿಗಳ ಮಿದುಳಿಗೆ ತಂತಿಯಿಟ್ಟು, ತಲೆಗೆ ಬಿಸಿನೀರೆರೆದು ಗೆರೆಗಳನ್ನು ಪಡೆದರು. ದಿನ ಬಿಟ್ಟು ದಿನ ಎರೆದಂತೆಲ್ಲ ಮೂರ್ಛೆ ಬೇಗ ಬಂತು, ಕಡಿಮೆ ಬಿಸಿಗೇ ಬಂತು, ಹೆಚ್ಚು ಹೊತ್ತು ನಿಂತಿತು. ಒಂದೊಂದು ಮೂರ್ಛೆಯೂ ಮುಂದಿನದಕ್ಕೆ ದಾರಿ ಸವೆಸುತ್ತದೆಂದು ಇದರಿಂದ ತೋರಿತು. ಈಗ ವೈದ್ಯರು ಮೊದಲು ಹೇಳುವುದು ಉಗುರುಬೆಚ್ಚಗಿನ ನೀರು. ಅದು ಸಾಲದಿದ್ದರೆ, ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕ್ಲೋಬಜಾಮ್ ಎಂಬ ಮಾತ್ರೆ. ಎರೆದುಕೊಳ್ಳದ ದಿನ ಅದೂ ಬೇಡ ಎನ್ನುವುದು ಹಲವರ ಮಟ್ಟಿಗೆ ನಿಜವಾಗಿದೆ.