ಹಾರಿ ಬಂದ ಕಲ್ಲು, ನಡುಗಿದ ನೆಲ



ನಿಮ್ಮ ಪಕ್ಕದ ಸೈಟಿನಲ್ಲಿ ಬಂಡೆ ಒಡೆಯಲು ಸಿಡಿಮದ್ದು ಇಟ್ಟರು ಎಂದುಕೊಳ್ಳಿ. ಒಂದು ದಿನ ಕಲ್ಲು ಹಾರಿ ಬಂದು ನಿಮ್ಮ ಕಿಟಕಿ ಒಡೆಯಿತು. ಇನ್ನೊಂದು ದಿನ ಕಲ್ಲು ಬರಲಿಲ್ಲ, ನೆಲ ನಡುಗಿ ಗೋಡೆ ಬಿರುಕು ಬಿಟ್ಟಿತು. ಎರಡು ಸಲವೂ ನಷ್ಟ ನಿಮ್ಮದೇ. ಆದರೆ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇವೆರಡಕ್ಕೂ ಬೇರೆ ಬೇರೆ ನ್ಯಾಯ ಬಹಳ ಕಾಲ ನಡೆಯಿತು.

ಅಲ್ಲಿಯ ಕಂಪನಿಯೊಂದು ತನ್ನ ಜಾಗದಲ್ಲಿ ಕಾಲುವೆ ತೋಡುವಾಗ ಹಾರಿದ ಕಲ್ಲುಗಳಿಂದ ಪಕ್ಕದ ಮನೆಗೆ ಹಾನಿಯಾಯಿತು. ಎಷ್ಟೇ ಎಚ್ಚರದಿಂದ ಕೆಲಸ ಮಾಡಿದ್ದರೂ ಪರಿಹಾರ ಕೊಡಲೇಬೇಕು ಎಂದಿತು 1849ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ. ಕಲ್ಲು ಬೇಲಿ ದಾಟಿತ್ತಲ್ಲ!

ಮುಂದೆ ರೈಲ್ವೆ ಕಂಪನಿಯೊಂದರ ಸ್ಫೋಟದಿಂದ ಮನೆಯೊಂದು ಅದುರಿ ಹಾಳಾಯಿತು. ಕಲ್ಲು ಮಾತ್ರ ಬಿದ್ದಿರಲಿಲ್ಲ. ಅದೇ ನ್ಯಾಯಾಲಯ 1893ರಲ್ಲಿ, ಕಂಪನಿಯ ನಿರ್ಲಕ್ಷ್ಯ ಸಾಬೀತಾಗದಿದ್ದರೆ ಪರಿಹಾರವಿಲ್ಲ ಎಂದಿತು. ಊರು ಬೆಳೆಯಬೇಕು, ತನ್ನ ಜಾಗ ಬಳಸುವವನನ್ನು ತಡೆಯಬಾರದು ಎಂಬುದು ಅದರ ವಾದ. ಮದ್ದು ಇಟ್ಟವರ ಒಳಗುಟ್ಟು ಪಕ್ಕದ ಮನೆಯವನಿಗೆ ಹೇಗೆ ಗೊತ್ತಾಗಬೇಕು ಹೇಳಿ?

1962ರ ನವೆಂಬರ್ 27ರಂದು ಬ್ರೂಕ್ಲಿನ್‌ನಲ್ಲಿ ಸುರಂಗ ಕೊರೆಯಲು 194 ಡೈನಮೈಟ್ ಕಡ್ಡಿಗಳನ್ನು ಸಿಡಿಸಿದರು. 125 ಅಡಿ ದೂರದಲ್ಲಿ ಒಂದು ಗ್ಯಾರೇಜ್ ಇತ್ತು. ಗ್ಯಾರೇಜಿಗೂ, ಒಳಗೆ ರಿಪೇರಿಗೆ ಬಿಟ್ಟಿದ್ದ ಕಾರಿಗೂ ಹಾನಿಯಾಯಿತೆಂದು ಅವುಗಳ ಮಾಲೀಕರು ಮೊಕದ್ದಮೆ ಹೂಡಿದರು. 1969ರಲ್ಲಿ, ಸ್ಪಾನೋ ವಿರುದ್ಧ ಪೆರಿನಿ ಎಂಬ ಆ ಮೊಕದ್ದಮೆಯಲ್ಲಿ ನ್ಯಾಯಾಲಯ ತನ್ನ 76 ವರ್ಷದ ಹಳೆಯ ತೀರ್ಪನ್ನು ಕೈಬಿಟ್ಟಿತು. ಪ್ರಶ್ನೆ ಸ್ಫೋಟ ಮಾಡಬಹುದೇ ಎಂಬುದಲ್ಲ, ಅದರ ನಷ್ಟ ಯಾರು ಹೊರಬೇಕು ಎಂಬುದು. ಲಾಭಕ್ಕಾಗಿ ಅಪಾಯದ ಕೆಲಸಕ್ಕೆ ಕೈಹಾಕಿದವನೇ ಹೊರಲಿ, ಏನೂ ಅರಿಯದ ನೆರೆಯವನಲ್ಲ ಎಂದು ತೀರ್ಮಾನವಾಯಿತು.

ನಮ್ಮ ದೇಶದಲ್ಲೂ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಂತು. ಅಪಾಯದ ವಸ್ತು ತಂದಿಟ್ಟವನೇ ಹೊಣೆ ಎಂಬ 1868ರ ಇಂಗ್ಲಿಷ್ ನಿಯಮ ನಮ್ಮಲ್ಲಿತ್ತು, ಆದರೆ ಅದಕ್ಕೆ ವಿನಾಯಿತಿಗಳೂ ಇದ್ದವು. 1985ರ ಡಿಸೆಂಬರಿನಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ವಿಷಾನಿಲ ಸೋರಿತು. ಮರುವರ್ಷ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ, ಅಪಾಯಕಾರಿ ಉದ್ಯಮ ನಡೆಸುವವರ ಹೊಣೆಗೆ ವಿನಾಯಿತಿಯೇ ಇಲ್ಲ ಎಂದು ಸಾರಿತು.

ಆದರೂ ಒಂದು ಮಾತು ನೆನಪಿಡಿ. ತಪ್ಪು ಯಾರದೆಂದು ತೋರಿಸುವ ಕಷ್ಟ ತಪ್ಪಿದರೂ, ಬಿರುಕು ಆ ಸ್ಫೋಟದಿಂದಲೇ ಬಂತು ಎಂದು ತೋರಿಸುವ ಭಾರ ತಪ್ಪುವುದಿಲ್ಲ. ಎದುರಿನವರು "ಅದು ಹಳೆಯ ಬಿರುಕು" ಎಂದರೆ ಏನು ಮಾಡುತ್ತೀರಿ? ಆದ್ದರಿಂದ ಪಕ್ಕದಲ್ಲಿ ಬಂಡೆ ಒಡೆಯುವ ಕೆಲಸ ಶುರುವಾಗುವ ಮೊದಲೇ ನಿಮ್ಮ ಗೋಡೆಗಳ ಫೋಟೋ ತೆಗೆದು, ದಿನಾಂಕ ಬರೆದಿಡಿ. ನೆಲ ನಡುಗಿದ ದಿನ, ವೇಳೆಯನ್ನೂ ಗುರುತು ಹಾಕಿಕೊಳ್ಳಿ. ಹಾರಿ ಬಂದ ಕಲ್ಲು ತಾನೇ ಸಾಕ್ಷಿ ಹೇಳುತ್ತದೆ. ನಡುಗಿದ ನೆಲಕ್ಕೆ ಸಾಕ್ಷಿ ನೀವೇ.