ಅರ್ಜಿ ನಮೂನೆಯಿಂದ ಸರ್ವರ್‌ಗೆ: 2 ಎಕರೆ 10 ಗುಂಟೆ ಕಳೆದುಹೋಗದಿರಲು

ಹೊರನಾಡು: ಅನ್ನಪೂರ್ಣೇಶ್ವರಿ ಕ್ಷೇತ್ರವಾದ ಹೊರನಾಡಿನ ಕಾಫಿ ಬೆಳೆಗಾರರೊಬ್ಬರಿಗೆ 2 ಎಕರೆ 10 ಗುಂಟೆ ತೋಟವಿದೆ ಎಂದಿಟ್ಟುಕೊಳ್ಳೋಣ. ಅತಿವೃಷ್ಟಿಗೆ ಫಸಲು ಉದುರಿದಾಗ ಅವರು ಪರಿಹಾರಕ್ಕಾಗಿ ಅಂತರ್ಜಾಲದಲ್ಲಿ ಅರ್ಜಿ ತುಂಬುತ್ತಾರೆ. ‘ವಿಸ್ತೀರ್ಣ’ ಎಂಬ ಒಂದೇ ಚೌಕದಲ್ಲಿ, ಪಹಣಿಯ ರೂಢಿಯಂತೆ, 2.10 ಎಂದು ಬರೆಯುತ್ತಾರೆ.

ಸರ್ವರ್ ಇದನ್ನು ದಶಮಾಂಶವೆಂದು ಓದಿದರೆ 2.10 ಎಕರೆ ಎಂದರೆ 2 ಎಕರೆ 4 ಗುಂಟೆ ಮಾತ್ರ. ಒಂದು ಎಕರೆಗೆ 40 ಗುಂಟೆಯಾದ್ದರಿಂದ ನಿಜವಾದ ವಿಸ್ತೀರ್ಣ 2.25 ಎಕರೆ. ಅಲ್ಲಿಗೆ 6 ಗುಂಟೆ ಹೋಯಿತು. ಗಣಕಯಂತ್ರ ಕೊನೆಯ ಸೊನ್ನೆಯನ್ನು ಕೈಬಿಟ್ಟು 2.1 ಎಂದು ಮುದ್ರಿಸಿ, ಅದನ್ನು ಇನ್ನೊಬ್ಬರು 2 ಎಕರೆ 1 ಗುಂಟೆ ಎಂದು ಓದಿದರೆ 9 ಗುಂಟೆಯೇ ಮಾಯ. ಇಲ್ಲಿ ಯಾರೂ ಸುಳ್ಳು ಬರೆದಿಲ್ಲ. ಅಂಕಿ ತಲುಪಿತು, ಅದರ ಅರ್ಥ ತಲುಪಲಿಲ್ಲ. ನಮೂನೆಯ ಮಾಹಿತಿಯನ್ನು ರಚನಾಬದ್ಧ ದತ್ತಾಂಶವಾಗಿ ಕಳುಹಿಸುವ ಪದ್ಧತಿ ಮಹತ್ವ ಪಡೆಯುವುದು ಈ ಕಾರಣಕ್ಕೆ.

ನಮೂನೆ ಸಲ್ಲಿಕೆಯ ಹಳೆಯ ವಿಧಾನ

ಜಾಲಪುಟದಲ್ಲಿ ನಮೂನೆಗಳಿಗೆ ಅಧಿಕೃತ ಸ್ಥಾನ ದೊರೆತದ್ದು 1995ರ ನವೆಂಬರ್‌ನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 2.0 ಮಾನಕದಲ್ಲಿ. ಪ್ರತಿ ಚೌಕಕ್ಕೂ ಒಂದು ಹೆಸರು, ಬಳಕೆದಾರ ತುಂಬಿದ್ದು ಅದರ ಮೌಲ್ಯ. ‘ಗೆಟ್’ ವಿಧಾನದಲ್ಲಿ ಈ ಜೋಡಿಗಳು ಜಾಲತಾಣದ ವಿಳಾಸದ ಬಾಲಕ್ಕೇ ಅಂಟಿಕೊಂಡು ಹೋಗುತ್ತವೆ; ‘ಪೋಸ್ಟ್’ ವಿಧಾನದಲ್ಲಿ ಸಂದೇಶದ ಒಡಲಿನಲ್ಲಿ ಸಾಗುತ್ತವೆ. ವಿಳಾಸವು ಬ್ರೌಸರ್‌ನ ಇತಿಹಾಸದಲ್ಲಿ ಉಳಿಯುವುದರಿಂದ ಖಾಸಗಿ ವಿವರಗಳಿಗೆ ‘ಗೆಟ್’ ಸೂಕ್ತವಲ್ಲ.

ಈ ಪದ್ಧತಿ ಸರಳ, ಇಂದಿಗೂ ಬಳಕೆಯಲ್ಲಿದೆ. ಆದರೆ ಎಲ್ಲವೂ ಒಂದೇ ಸಾಲಿನ ಪಟ್ಟಿಯಾಗಿ ಹೋಗುತ್ತದೆ. ಮಲೆನಾಡಿನ ರೈತನಿಗೆ ಎರಡು ಸರ್ವೆ ನಂಬರ್, ಮೂರು ಬೆಳೆ ಇದ್ದರೆ ಸರ್ವರ್‌ಗೆ ತಲುಪುವುದು ಹೀಗೆ:

ಸರ್ವೆ=12/1&ಸರ್ವೆ=15&ಬೆಳೆ=ಕಾಫಿ&ಬೆಳೆ=ಕಾಳುಮೆಣಸು&ಬೆಳೆ=ಅಡಿಕೆ

ಯಾವ ಬೆಳೆ ಯಾವ ಸರ್ವೆ ನಂಬರಿನದು? ಈ ಸಾಲು ಹೇಳುವುದಿಲ್ಲ.

ರಚನಾಬದ್ಧ ದತ್ತಾಂಶ ಎಂದರೇನು?

ಮಾಹಿತಿಯ ಒಳಸಂಬಂಧಗಳನ್ನೂ ಮಾಹಿತಿಯೊಂದಿಗೇ ಕಳುಹಿಸುವುದು. ಇಂದು ಇದಕ್ಕೆ ಹೆಚ್ಚಾಗಿ ಬಳಕೆಯಾಗುವುದು ‘ಜೇಸನ್’ ಎಂಬ ವಿನ್ಯಾಸ. ಮೇಲಿನ ಕಾಲ್ಪನಿಕ ಅರ್ಜಿಯೇ ಇದರಲ್ಲಿ ಹೀಗಾಗುತ್ತದೆ:

{"ಗ್ರಾಮ": "ಹೊರನಾಡು",
"ಜಮೀನು": [
{"ಸರ್ವೆ": "12/1", "ಎಕರೆ": 2, "ಗುಂಟೆ": 10, "ಬೆಳೆ": ["ಕಾಫಿ", "ಕಾಳುಮೆಣಸು"]},
{"ಸರ್ವೆ": "15", "ಎಕರೆ": 0, "ಗುಂಟೆ": 30, "ಬೆಳೆ": ["ಅಡಿಕೆ"]}]}

ಎಕರೆ, ಗುಂಟೆ ಬೇರೆಯಾದವು. ಪ್ರತಿ ಬೆಳೆಯೂ ತನ್ನ ಜಮೀನಿಗೆ ಸೇರಿತು. ಸರ್ವೆ ನಂಬರ್ ಉದ್ಧರಣ ಚಿಹ್ನೆಯೊಳಗಿರುವುದನ್ನು ಗಮನಿಸಬೇಕು. ಅದು ಪಠ್ಯವೇ ಹೊರತು ಲೆಕ್ಕದ ಸಂಖ್ಯೆಯಲ್ಲ. ಹಾಗಲ್ಲದಿದ್ದರೆ 12/1 ಎಂಬುದು ಭಾಗಾಕಾರವೋ ದಿನಾಂಕವೋ ಆಗಿಬಿಡುವ ಅಪಾಯವಿದೆ. ಹೊರನಾಡಿನ ದೂರವಾಣಿ ಸಂಕೇತ 08263 ಕೂಡ ಹೀಗೆಯೇ. ಸಂಖ್ಯೆಯ ಮೊದಲಿಗೆ ಅನಗತ್ಯ ಸೊನ್ನೆ ಇರುವುದನ್ನು ಜೇಸನ್ ನಿಯಮ ಒಪ್ಪುವುದಿಲ್ಲ. ಪಠ್ಯವಾಗಿ ಕಳುಹಿಸಿದರೆ ಸೊನ್ನೆ ಉಳಿಯುತ್ತದೆ.

ಎರಡು ಪ್ರಯತ್ನ, ಒಂದು ಹಾದಿ

ನಮೂನೆಯಿಂದ ನೇರವಾಗಿ ಎಕ್ಸ್‌ಎಂಎಲ್ ಕಳುಹಿಸುವ ‘ಎಕ್ಸ್‌ಫಾರ್ಮ್ಸ್’ ಮಾನಕವನ್ನು ಡಬ್ಲ್ಯು3ಸಿ ಸಂಸ್ಥೆ 2003ರ ಅಕ್ಟೋಬರ್‌ನಲ್ಲಿ ಅಂಗೀಕರಿಸಿತು. ಪ್ರಮುಖ ಬ್ರೌಸರ್‌ಗಳು ಅದನ್ನು ಅಳವಡಿಸಿಕೊಳ್ಳಲಿಲ್ಲ. ಡಗ್ಲಸ್ ಕ್ರಾಕ್‌ಫರ್ಡ್ ಪ್ರಚುರಪಡಿಸಿದ ಜೇಸನ್‌ಗೆ 2006ರಲ್ಲಿ ಅಧಿಕೃತ ವಿವರಣೆ ದೊರೆಯಿತು. ನಮೂನೆಯೇ ಜೇಸನ್ ಕಳುಹಿಸುವಂತೆ ಮಾಡುವ ಕರಡು 2014ರಲ್ಲಿ ಬಂದು, 2015ರಲ್ಲಿ ನಿಂತುಹೋಯಿತು. ಹೀಗಾಗಿ ಇಂದಿಗೂ ಪುಟದೊಳಗಿನ ಜಾವಾಸ್ಕ್ರಿಪ್ಟ್ ಚೌಕಗಳನ್ನು ಓದಿ, ಜೇಸನ್ ಕಟ್ಟಿ, ಸರ್ವರ್‌ಗೆ ರವಾನಿಸುತ್ತದೆ.

ಕನ್ನಡ ಅಕ್ಷರಗಳ ಪ್ರಶ್ನೆ

‘ಹೊರನಾಡು’ ಎಂಬ ಹೆಸರು ಯೂನಿಕೋಡ್‌ನಲ್ಲಿ 7 ಸಂಕೇತಗಳು. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್‌ನಂತೆ 21 ಬೈಟ್. ಹಳೆಯ ಸಲ್ಲಿಕೆ ವಿಧಾನದಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆಯೊಂದಿಗೆ ಮೂರು ಅಕ್ಷರವಾಗುವುದರಿಂದ ಅದು 63 ಅಕ್ಷರ. ಜೇಸನ್‌ನಲ್ಲಿ 21 ಬೈಟ್‌ಗಳೇ ಸಾಕು.

ಇನ್ನೊಂದು ಸೂಕ್ಷ್ಮವಿದೆ. ‘ಹೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಸರ್ವರ್‌ಗೆ ಎರಡು ಬೇರೆ ಊರು. ಸಂಕೇತಗಳನ್ನು ಏಕರೂಪಕ್ಕೆ ತರುವ ಯೂನಿಕೋಡ್ ವಿಧಾನವನ್ನು ಅನುಸರಿಸಬೇಕು. ಹೆಸರಿನ ಜೊತೆಗೆ ಗ್ರಾಮದ ಸಂಕೇತ ಸಂಖ್ಯೆಯನ್ನೂ ಕಳುಹಿಸುವುದು ಇನ್ನೂ ಕ್ಷೇಮ. ಮೂಡಿಗೆರೆಯಿಂದ ಬೇರ್ಪಟ್ಟು ಕಳಸವೇ ತಾಲ್ಲೂಕಾದಂತಹ ಬದಲಾವಣೆಗಳಾದಾಗ, ಸಂಕೇತದಿಂದ ಗುರುತಿಸಿದ ಗ್ರಾಮ ದಾಖಲೆಗಳಲ್ಲಿ ದಾರಿ ತಪ್ಪುವ ಸಂಭವ ಕಡಿಮೆ.

‘ಭೂಮಿ’ಯ ಪಾಠ

ಕಾಗದದ ದಾಖಲೆಯನ್ನು ಚೌಕಗಳಾಗಿ ಬಿಡಿಸುವ ಕೆಲಸ ರಾಜ್ಯಕ್ಕೆ ಹೊಸದಲ್ಲ. 2000ರ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕೀಕೃತಗೊಂಡವು. ಕೈಬರಹದ ಪಹಣಿಯ ಮಾನ್ಯತೆ ಕೊನೆಗೊಂಡಿತು. ಮಾಲೀಕ, ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಬೆಳೆ ಎಲ್ಲಕ್ಕೂ ಪ್ರತ್ಯೇಕ ಜಾಗವಿದ್ದುದರಿಂದಲೇ ಅವುಗಳನ್ನು ಹುಡುಕಲು ಸಾಧ್ಯವಾಯಿತು. ದಾಖಲೆಯಲ್ಲಿರುವ ಈ ಅಚ್ಚುಕಟ್ಟು ಅರ್ಜಿಯಲ್ಲೂ ಇರಬೇಕು.

ಮಳೆಗಾಲದ ಸಮಸ್ಯೆ

ಭದ್ರೆ ಉಕ್ಕಿದಾಗ ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗುತ್ತದೆ. ಅಂಥ ದಿನಗಳಲ್ಲಿ ವಿದ್ಯುತ್ತು, ಸಂಪರ್ಕ ಕೈಕೊಡುವುದೂ ಉಂಟು. ‘ಸಲ್ಲಿಸಿ’ ಗುಂಡಿ ಒತ್ತಿದ ಮೇಲೆ ಉತ್ತರ ಬಾರದಿದ್ದರೆ ಅರ್ಜಿ ತಲುಪಿತೋ ಇಲ್ಲವೋ ತಿಳಿಯದು. ಮತ್ತೆ ಒತ್ತಿದರೆ ಎರಡು ಅರ್ಜಿಗಳಾಗಬಹುದು. ಆದ್ದರಿಂದ ನಮೂನೆ ತೆರೆದಾಗಲೇ ಅದಕ್ಕೊಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಬಾರಿ ಬಂದರೆ ಸರ್ವರ್ ಅದನ್ನು ಹೊಸ ಅರ್ಜಿಯೆಂದು ಎಣಿಸದಂತೆ ಮಾಡಬೇಕು.

ಪರಿಶೀಲನೆ ಎರಡೂ ಕಡೆ ಅಗತ್ಯ. ಬ್ರೌಸರ್‌ನಲ್ಲಿನ ತಪಾಸಣೆಯನ್ನು ಸುಲಭವಾಗಿ ತಪ್ಪಿಸಬಹುದು. ಗುಂಟೆಯ ಚೌಕದಲ್ಲಿ 40 ಅಥವಾ ಹೆಚ್ಚಿನ ಸಂಖ್ಯೆ ಬಂದರೆ ಸರ್ವರ್ ತಾನೇ ತಿರಸ್ಕರಿಸಿ, ತಪ್ಪು ಯಾವ ಚೌಕದಲ್ಲಿದೆ ಎಂಬುದನ್ನು ಕನ್ನಡದಲ್ಲಿ ತಿಳಿಸಬೇಕು. ಆದರೆ ರಚನೆಯು ಸತ್ಯಕ್ಕೆ ಖಾತರಿಯಲ್ಲ. ತಪ್ಪು ಅಂಕಿಯೂ ಅಚ್ಚುಕಟ್ಟಾಗಿಯೇ ತಲುಪುತ್ತದೆ.

ಅರ್ಜಿದಾರರು ಮಾಡಬೇಕಾದದ್ದು ಇಷ್ಟೆ. ಸ್ವೀಕೃತಿ ಪತ್ರದಲ್ಲಿ ಎಕರೆ ಮತ್ತು ಗುಂಟೆ ಪಹಣಿಯಂತೆಯೇ ಇವೆಯೇ ನೋಡಬೇಕು. ಒಂದೇ ಚೌಕವಿದ್ದರೆ ಅದು ಗುಂಟೆಯನ್ನು ಕೇಳುತ್ತಿದೆಯೋ ದಶಮಾಂಶವನ್ನೋ ಎಂದು ವಿಚಾರಿಸಿಕೊಳ್ಳಬೇಕು. ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.